ಭಾವಮೈದುನನ ಪ್ಯಾಂಟಿಗೆ ಬಿದ್ದ ಗುಂಡು

ಹಾಸಿಗೆ ಮಾರುವವನಿಗೆ ಧೈರ್ಯ ಬೇಕಾಗಿಲ್ಲ. ಗಿರಾಕಿಯ ಮುಂದೆ ಬೂಟು ಕಳಚಿ, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, ಕಣ್ಣು ಮುಚ್ಚಿ "ಆಹಾ" ಎನ್ನುವಷ್ಟು ನಾಚಿಕೆಗೇಡಿತನವಿದ್ದರೆ ಸಾಕು. ಕೆಂಟಕಿಯ ಗುಡ್ಡಗಳ ನಡುವಿನ ನಮ್ಮ ಬ್ರಷಿ ಫೋರ್ಕಿನಲ್ಲಿ ಲೋವೆಲ್ ಟ್ಯಾಕೆಟ್ ಬಹಳ ವರ್ಷಗಳಿಂದ ಈ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ. ಊರಿನ ಅರ್ಧ ಜನ ಅವನು ಮಲಗಿ ತೋರಿಸಿದ ಹಾಸಿಗೆಯ ಮೇಲೆಯೇ ಮಲಗುತ್ತಾರೆ. ಅಂಥವನನ್ನು ಕಂಡು ಯಾರೂ ಹೆದರುವುದಿಲ್ಲ ಎಂಬುದು ಅವನಿಗೂ ತಿಳಿದಿತ್ತು. ತಿಳಿದದ್ದು ಮರೆತುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಅವನ ಹೆಂಡತಿಯ ತಮ್ಮ ಗಾರ್ಲಂಡ್ ಹೊತ್ತಿದ್ದ.

"ಈ ಜಿಲ್ಲೇಲಿ ಮಲಗಿಕೊಂಡೇ ದುಡಿಯೋ ಗಂಡಸು ಅಂದ್ರೆ ನಮ್ಮ ಭಾವ ಒಬ್ಬನೇ," ಎಂದು ಅವನು ಸಿಕ್ಕಸಿಕ್ಕಲ್ಲಿ ಹೇಳುತ್ತಿದ್ದ. ಜನ ನಗುತ್ತಿದ್ದರು. ಲೋವೆಲ್ ಕೂಡ ನಗುತ್ತಿದ್ದ. ನಗದೆ ಇನ್ನೇನು ಮಾಡುವುದು?

ಆ ಬೇಸಗೆಯಲ್ಲಿ ಯಾರೋ ಅವನ ಅಂಗಡಿಯ ಹಿಂಬಾಗಿಲನ್ನು ಮೀಟಿ ನೋಡಿ ಹೋದರು. ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಓಡುವುದು ಕಷ್ಟವೆಂದು ಕಳ್ಳನಿಗೆ ಹೊಳೆದಿರಬೇಕು, ಒಳಗೆ ಬರಲಿಲ್ಲ. ಲೋವೆಲ್‌ಗೆ ಮಾತ್ರ ಎದೆ ಹಾರಿತು. ರೂಫಸ್ ಸ್ಟಿಡ್ಹಮ್‌ನ ಬಂದೂಕಿನ ಅಂಗಡಿಗೆ ಹೋಗಿ ಒಂದು ರಿವಾಲ್ವರ್ ಕೊಂಡ. ಹೆಬ್ಬೆರಳಿನಷ್ಟು ಮೋಟು ನಳಿಗೆ, ಐದು ಗುಂಡು ಹಿಡಿಸುವ ಪುಟ್ಟ ಉರುಳೆ. ಒಂದು ಬಟ್ಟಲು ಕಾಫಿಗಿಂತ ಹಗುರ. ಜೇಬಿನಲ್ಲಿಟ್ಟರೆ ಇದೆಯೋ ಇಲ್ಲವೋ ಎಂದು ತಡವಿ ನೋಡಬೇಕು. ಮನೆಗೆ ತಂದವನು ಅದನ್ನು ಕಾಲುಚೀಲಗಳ ಅಡಿಯಲ್ಲಿ ಮಲಗಿಸಿದ. ಗುಂಡು ತುಂಬಲಿಲ್ಲ. ಯಾವ ಗುಂಡು ತುಂಬಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಳಗಿನ ಹೊತ್ತು ಡಾಟಿಯ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಊರಿನ ಹಿರಿಯ ಗಂಡಸರು ಕೂತು ಲೋಕದ ಎಲ್ಲ ವಿಷಯಗಳನ್ನೂ ಇತ್ಯರ್ಥ ಮಾಡುತ್ತಾರೆ. ಲೋವೆಲ್ ರಿವಾಲ್ವರ್ ಕೊಂಡ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಯಾವ ಗುಂಡು ತುಂಬಿದೀಯಪ್ಪಾ?" ಎಂದು ಕೇಳಿದ ಹೊಬರ್ಟ್, ಅಂಚೆ ಹಂಚಿ ನಿವೃತ್ತನಾದವನು. ಮೇಜಿನ ಮೇಲಿನ ಎಲ್ಲ ಕಾಫಿ ಬಟ್ಟಲುಗಳೂ ಅರ್ಧಕ್ಕೆ ನಿಂತವು.

ಒಂದೂ ತುಂಬಿಲ್ಲ ಎನ್ನುವುದು ಸತ್ಯ. ಆ ಮೇಜಿನಲ್ಲಿ ಆ ಸತ್ಯ ಹೇಳುವುದೂ ಚರ್ಚಿನಲ್ಲಿ ಎದ್ದು ನಿಂತು ಬೈಬಲ್ ಯಾವ ಬಣ್ಣದ್ದು ಎಂದು ಕೇಳುವುದೂ ಒಂದೇ. ಲೋವೆಲ್ ಮೆತ್ತನೆಯ ಬನ್ನಿನ ತುಂಡಿನಿಂದ ತಟ್ಟೆಯ ಗ್ರೇವಿಯನ್ನು ನಿಧಾನವಾಗಿ ಒರೆಸಿದ. ಕಿಟಕಿಯಾಚೆ ದೂರದ ಗುಡ್ಡದ ಕಡೆ ನೋಡಿದ.

"ಸದ್ಯಕ್ಕೆ ಹೇಳೋದು ಸರಿಯಲ್ಲ," ಎಂದ. "ಪರೀಕ್ಷೆ ನಡೀತಾ ಇದೆ."

"ಪರೀಕ್ಷೆನಾ?"

"ಹೂಂ. ವೈಜ್ಞಾನಿಕ."

ಮೇಜು ಗಂಭೀರವಾಯಿತು. ಯಾರೂ ಹಾಸಿಗೆಯ ಮಾತೆತ್ತಲಿಲ್ಲ. ಡಾಟಿ ಕೇಳದೆಯೇ ಅವನ ಬಟ್ಟಲು ತುಂಬಿಸಿದಳು. ಆ ಒಂದು ಬಟ್ಟಲು ಕಾಫಿಯ ಆಸೆಗೆ ಲೋವೆಲ್ ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಂಡ.

ಬಾಯಿ ಆಡಿದ ಮೇಲೆ ಕೈ ಮಾಡಬೇಕಲ್ಲ. ಮಧ್ಯಾಹ್ನವೇ ರೂಫಸ್‌ನ ಅಂಗಡಿಗೆ ಹೋದ. ಬಂದೂಕಿನ ಅಂಗಡಿಯಲ್ಲಿ ಗುಂಡಿನ ಬಗ್ಗೆ ಕೇಳುವುದು ನಾಲ್ಕು ಜನ ಕೂತಲ್ಲಿ ಹೊಟ್ಟೆನೋವು ಎಂದ ಹಾಗೆ. ಪ್ರತಿಯೊಬ್ಬನ ಹತ್ತಿರವೂ ಒಂದೊಂದು ಮದ್ದು. ಇಲ್ಲಂತೂ ಅದು ನಿಜವಾದ ಮದ್ದು.

"ಇದು ನೋಡು, ಮೂತೀಲಿ ಗುಳಿ ಇರೋ ಗುಂಡು," ಎಂದು ರೂಫಸ್ ಒಂದು ಡಬ್ಬಿ ತೆಗೆದ. "ತಾಗಿದ ಕೂಡ್ಲೇ ಹೂವಿನ ಥರ ಅರಳಬೇಕು."

"ಅರಳುತ್ತಾ?"

"ಉದ್ದ ನಳಿಗೇಲಿ ಅರಳುತ್ತೆ. ನಿಂದು ಮೋಟು. ಮದ್ದು ಪೂರ್ತಿ ಉರಿಯೋಕೆ ಮುಂಚೆ ಗುಂಡು ಮನೆ ಬಿಟ್ಟು ಹೋಗಿರುತ್ತೆ, ವೇಗ ಸಾಲಲ್ಲ. ಎದುರಿಗಿರೋನು ದಪ್ಪ ಬಟ್ಟೆ ಹಾಕ್ಕೊಂಡಿದ್ರಂತೂ ಗುಳಿಯೊಳಗೆ ಬಟ್ಟೆ ತುರುಕ್ಕೊಂಡು ಮೊಗ್ಗು ಮೊಗ್ಗಾಗೇ ಉಳಿಯುತ್ತೆ."

"ಹಾಗಾದ್ರೆ ಜಾಸ್ತಿ ಮದ್ದಿಂದು ಕೊಡು."

"ಕೊಡ್ತೀನಿ, ಆದ್ರೆ ಒದೆಯುತ್ತೆ. ರಿವಾಲ್ವರ್ ಹಗುರಾದಷ್ಟೂ ಒದೆತ ಜಾಸ್ತಿ. ಮೊದಲನೇ ಗುಂಡು ಕಳ್ಳನಿಗೆ, ಎರಡನೇದು ಸೂರಿಗೆ."

"ಮೂರನೇದು?"

"ಮೂರನೇದು ಬಂದ್ರೆ ನಿನ್ನ ಪುಣ್ಯ. ಆ ಒದೆತಕ್ಕೆ ಉಳಿದ ತೋಟಾಗಳಲ್ಲಿರೋ ಗುಂಡುಗಳು ಚೂರುಚೂರೇ ಮುಂದಕ್ಕೆ ಜಾರಿ ಅಡ್ಡ ನಿಲ್ತವೆ. ಆಮೇಲೆ ಉರುಳೆ ತಿರುಗಲ್ಲ. ಕಳ್ಳನಿಗೆ 'ಒಂದು ನಿಮಿಷ ಇರಪ್ಪ' ಅಂತ ಹೇಳ್ಬೇಕಾಗುತ್ತೆ."

ಮೂವತ್ತು ಬಗೆಯ ಹಾಸಿಗೆಗಳ ನಡುವೆ ತಲೆ ಕೆರೆದುಕೊಂಡು ನಿಲ್ಲುವ ಗಿರಾಕಿಗಳನ್ನು ನೋಡಿ ಲೋವೆಲ್ ಒಳಗೊಳಗೇ ನಗುತ್ತಿದ್ದ. 'ಬೆನ್ನು ಏನು ಹೇಳುತ್ತೋ ಅದನ್ನ ಕೇಳಿ' ಎಂದು ಅವರಿಗೆ ಉಪದೇಶ ಮಾಡುತ್ತಿದ್ದ. ಈಗ ಅವನ ಬೆನ್ನು ಏನೂ ಹೇಳದೆ ತಣ್ಣಗೆ ಬೆವರಿತು.

ರೂಫಸ್ ಕೊನೆಗೊಂದು ಡಬ್ಬಿ ಮುಂದಿಟ್ಟ. "ಇದು ಚಪ್ಪಟೆ ಮೂತಿದು. ಅರಳೋ ಗೋಜಿಲ್ಲ. ಮೆತ್ತಗೆ ಒದೆಯುತ್ತೆ, ಹೇಳಿದ ಕಡೆ ಹೋಗುತ್ತೆ, ಬಟ್ಟೆಗೂ ಜಗ್ಗಲ್ಲ. ನನ್ನ ಕೇಳಿದ್ರೆ ನಿನ್ನ ಕೈಗೆ ಇದೇ ಸರಿ."

ಹಿಂದೆ ನಿಂತಿದ್ದ ಬೇಟೆಗಾರನೊಬ್ಬ ಕಿಸಕ್ಕನೆ ನಕ್ಕ. "ಅದು ಕಾಗದಕ್ಕೆ ತೂತು ಹೊಡೆಯೋ ಗುಂಡು ಕಣಯ್ಯ. ನಮ್ಮಜ್ಜಿ ಅದನ್ನೇ ಇಟ್ಕೊಂಡಿದ್ಲು."

ಅಲ್ಲಿಗೆ ಸರಿಯಾದ ಗುಂಡಿನ ಬಾಗಿಲು ಮುಚ್ಚಿತು. ಮಲಗಿ ದುಡಿಯುವ ಗಂಡಸು ಅಜ್ಜಿಯ ಗುಂಡನ್ನೂ ತುಂಬಿಕೊಂಡರೆ ಡಾಟಿಯ ಹೋಟೆಲಿಗೆ ಮುಖ ತೋರಿಸುವುದು ಹೇಗೆ? ಲೋವೆಲ್ ಎಲ್ಲದರಲ್ಲೂ ಒಂದೊಂದು ಡಬ್ಬಿ ಕೊಂಡ. ಪರೀಕ್ಷೆ ಹೇಗೆ ಮಾಡುತ್ತಾರೆಂದು ಬಹಳ ಉದಾಸೀನದಿಂದ ಕೇಳಿದ. ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ, ಹಿಂದೆ ನೀರು ತುಂಬಿದ ಕ್ಯಾನುಗಳು, ಅಷ್ಟೇ ಎಂದ ರೂಫಸ್.

ಶನಿವಾರ ಅವನ ಹೆಂಡತಿ ವೀಡಾ ಚರ್ಚಿನ ಹೆಂಗಸರ ಜೊತೆ ಸೇಬು ಕುದಿಸಿ ಗೊಜ್ಜು ಕಾಯಿಸಲು ಹೋದಳು. ಮನೆಯಲ್ಲಿ ಲೋವೆಲ್ ಒಬ್ಬನೇ. ಹಿತ್ತಿಲ ಹಿಂದೆ ಕಡಿದಾದ ಗುಡ್ಡ, ಗುಂಡು ಹಾರಿಸಲು ಹೇಳಿ ಮಾಡಿಸಿದ ಜಾಗ. ಜೀನ್ಸ್ ಮಾತ್ರ ಇರಲಿಲ್ಲ. ಹಾಸಿಗೆ ಮಾರುವವನ ಬೀರುವಿನಲ್ಲಿ ಇಸ್ತ್ರಿ ಮಾಡಿದ ಪ್ಯಾಂಟುಗಳೇ. ಆಗ ಕಣ್ಣಿಗೆ ಬಿದ್ದದ್ದು ಗಾರ್ಲಂಡ್‌ನ ಬಟ್ಟೆಯ ಬುಟ್ಟಿ. ಮದುವೆ ಮುರಿದ ಮೇಲೆ ಗಾರ್ಲಂಡ್ ತನ್ನ ಬಟ್ಟೆಗಳನ್ನು ಅಕ್ಕನ ಮನೆಯಲ್ಲಿಯೇ ಒಗೆಸಿಕೊಳ್ಳುತ್ತಿದ್ದ. ತಳದಲ್ಲಿ ಒಂದಷ್ಟು ಹಳೆಯ ಜೀನ್ಸ್, ಕುಂಡೆಯ ಮೇಲೆ ಕೆಂಪು ಚೌಕುಳಿಯ ತೇಪೆ. ಚಿಂದಿಗೆ ಹಾಕಿದ್ದಿರಬೇಕೆಂದು ಲೋವೆಲ್ ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಮುಂದೆ ನಡೆದ ಪ್ರತಿಯೊಂದೂ ತರ್ಕಬದ್ಧವಾಗಿತ್ತು. ಕ್ಯಾನುಗಳು ಇಳಿಜಾರಿನಲ್ಲಿ ಉರುಳುತ್ತಿದ್ದವು, ಆದ್ದರಿಂದ ಅವನ್ನು ಪ್ಯಾಂಟಿನ ಕಾಲುಗಳೊಳಗೆ ಇಳಿಸಿದ. ಕಾಲುಗಳು ನಿಲ್ಲಲಿಲ್ಲ, ಆದ್ದರಿಂದ ಹಿತ್ತಿಲ ಕುರ್ಚಿಯ ಮೇಲೆ ಕೂರಿಸಿದ. ದಪ್ಪ ಬಟ್ಟೆಯ ಪರೀಕ್ಷೆಯೂ ಆಗಬೇಕಲ್ಲ, ಆದ್ದರಿಂದ ಬುಟ್ಟಿಯಲ್ಲಿದ್ದ ಬೇಟೆಯ ಕೋಟನ್ನು ಮೇಲಿನ ಕ್ಯಾನುಗಳಿಗೆ ತೊಡಿಸಿದ. ಎಲ್ಲಕ್ಕಿಂತ ಮೇಲಿದ್ದ ಕ್ಯಾನು ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತಿತ್ತು, ಆದ್ದರಿಂದ ಅದಕ್ಕೆ ಬುಟ್ಟಿಯಲ್ಲೇ ಇದ್ದ ಕಿತ್ತಳೆ ಬಣ್ಣದ ಟೊಪ್ಪಿಗೆ ಹಾಕಿದ. ಎಲ್ಲ ಮುಗಿಸಿ ಹಿಂದೆ ಸರಿದು ನೋಡಿದರೆ ಕುರ್ಚಿಯಲ್ಲಿ ಗಾರ್ಲಂಡ್ ಕೂತಿದ್ದ.

ಲೋವೆಲ್‌ಗೆ ಅದು ಕಾಣಲಿಲ್ಲ. ಅವನಿಗೆ ಪದರಗಳಷ್ಟೇ ಕಂಡವು.

ಪಕ್ಕದ ಮನೆಯ ಇಮೊಜೀನ್ ಕ್ರೌಚ್ ಅಡುಗೆಮನೆಯ ಕಿಟಕಿಯಲ್ಲಿ ಬೀನ್ಸ್ ಮುರಿಯುತ್ತಿದ್ದಳು. ಅವಳಿಗೆ ಗಾರ್ಲಂಡ್ ಕಂಡ. ಗಾರ್ಲಂಡ್‌ನ ಮುಂದೆ ರಿವಾಲ್ವರ್ ಹಿಡಿದ ಲೋವೆಲ್ ಕಂಡ. ಢಂ ಎಂದಿತು. ಬೀನ್ಸ್ ನೆಲಕ್ಕೆ ಬಿತ್ತು. ಲೋವೆಲ್ ಹತ್ತಿರ ಹೋಗಿ, ಬಗ್ಗಿ, ಹೊಟ್ಟೆಯ ಹತ್ತಿರದ ತೂತಿಗೆ ಬೆರಳು ಹಾಕಿ, "ಥತ್! ಅರಳೇ ಇಲ್ಲ," ಎಂದು ಬೈದು ವಾಪಸು ಬಂದ. ಈ ಸಲ ಜಾಸ್ತಿ ಮದ್ದಿನದು ತುಂಬಿದ. ಅಂಗೈ ಮೇಲೆ ಯಾರೋ ಚರ್ಚಿನ ಬಾಗಿಲನ್ನೇ ಬಡಿದು ಮುಚ್ಚಿದಂತಾಯಿತು. "ಅಯ್ಯಯ್ಯೋ ನಿನ್ನ!" ಎಂದು ಕಿರುಚಿದ. ಕೈಯನ್ನು ಬಗಲಲ್ಲಿ ಹಿಡಿದು ಕುಣಿದ. ಮತ್ತೆ ಹೊಡೆದ, ಮತ್ತೆ ಕುಣಿದ. ಮೂರನೆಯದಕ್ಕೆ ರಿವಾಲ್ವರಿನ ಕುದುರೆ ಎಳೆದರೆ ಉರುಳೆ ಅಲ್ಲಾಡಲಿಲ್ಲ. ರೂಫಸ್ ಹೇಳಿದಂತೆಯೇ ಗುಂಡು ಜಾರಿ ಅಡ್ಡ ನಿಂತಿತ್ತು.

ಇಷ್ಟರಲ್ಲಿ ಗಾರ್ಲಂಡ್‌ನ ಸೊಂಟದಿಂದ ಸಣ್ಣಗೆ ನೀರು ಸುರಿಯಲು ಶುರುವಾಗಿತ್ತು. ಅಷ್ಟು ಶುದ್ಧವಾದ ನೀರು ನಿಜವಾದ ಗಾರ್ಲಂಡ್‌ನೊಳಗೆ ಇರುವುದು ಸಾಧ್ಯವೇ ಇಲ್ಲವೆಂದು ಇಮೊಜೀನ್‌ಗೆ ಹೊಳೆಯಿತು. ಉಸಿರು ಬಂತು. ಉಸಿರು ಬಂದದ್ದೇ ಫೋನಿನ ಕಡೆ ನಡೆದಳು.

"ಗೊಂಬೆ ಮಾಡಿ ಅಭ್ಯಾಸ ಮಾಡ್ತಿದಾನೆ ಕಣೇ! ಗಾರ್ಲಂಡ್‌ನ ಬಟ್ಟೆ, ಗಾರ್ಲಂಡ್‌ನ ಟೊಪ್ಪಿ. ಹೊಡೆದು ಹೊಡೆದು ಕುಣೀತಿದಾನೆ!"

ಚರ್ಚಿನ ಹಿಂದೆ ಕುದಿಯುತ್ತಿದ್ದ ಗೊಜ್ಜು ಗಟ್ಟಿಯಾಗುವ ಮೊದಲೇ ಸುದ್ದಿ ಗಟ್ಟಿಯಾಯಿತು. ಕಾರಣ ಹುಡುಕಲು ಯಾರೂ ಕಷ್ಟಪಡಲಿಲ್ಲ. ಲೋವೆಲ್‌ನ ಟಿಲ್ಲರ್ ಗಾರ್ಲಂಡ್‌ನ ಹತ್ತಿರ ಇದೆ. ಮರ ಕೊಯ್ಯುವ ಯಂತ್ರ ಅವನ ಹತ್ತಿರ ಇದೆ. ಮೇಲೆ ಆ ಹಾಸಿಗೆಯ ಹಾಸ್ಯ. "ಮೆತ್ತಗಿರೋರೇ ಅಪಾಯ," ಎಂದಳು ಒಬ್ಬಳು. "ನಾನು ಅವತ್ತೇ ಹೇಳಿದ್ದೆ," ಎಂದಳು ಯಾವತ್ತೂ ಏನೂ ಹೇಳಿರದ ಇನ್ನೊಬ್ಬಳು. ವೀಡಾ ಹತ್ತಿರ ಬಂದಾಗ ಎಲ್ಲರೂ ಬಾಯಿ ಮುಚ್ಚಿ ಜೋರಾಗಿ ಸೌಟು ತಿರುಗಿಸಿದರು. ಪಾಪ ಎಂದು ಅವಳ ಕೈಗೆ ಎರಡು ಜಾಡಿ ಗೊಜ್ಜು ಹೆಚ್ಚಿಗೆ ಕೊಟ್ಟು ಕಳಿಸಿದರು.

ಸೋಮವಾರ ಬೆಳಗ್ಗೆ ಲೋವೆಲ್ ಎದ್ದು ನೋಡಿದರೆ ಗೇಟಿನ ಹತ್ತಿರ ಟಿಲ್ಲರ್ ನಿಂತಿತ್ತು. ತೊಳೆದು, ಒರೆಸಿ, ಎಣ್ಣೆ ಹಾಕಿ. ಮರುದಿನ ಮರ ಕೊಯ್ಯುವ ಯಂತ್ರ ಬಂತು. ಆಮೇಲೆ ಲೋವೆಲ್ ಮರೆತೇಬಿಟ್ಟಿದ್ದ ಒಂದು ಏಣಿ ಬಂತು. ತಂದಿಟ್ಟವನು ಮಾತ್ರ ಎಲ್ಲೂ ಕಾಣಲಿಲ್ಲ.

"ನಿನ್ನ ತಮ್ಮನಿಗೆ ಬುದ್ಧಿ ಬಂದಂಗಿದೆ," ಎಂದ ಹೆಂಡತಿಗೆ.

"ಜ್ವರ ಬಂದಿರಬೇಕು," ಎಂದಳು ವೀಡಾ ಚಿಂತೆಯಿಂದ.

ಡಾಟಿಯ ಹೋಟೆಲಿನಲ್ಲಿ ಅವನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂರುವ ಕುರ್ಚಿಯನ್ನು ಹೊಬರ್ಟ್ ತಾನಾಗಿ ಬಿಟ್ಟುಕೊಟ್ಟ. ಒಂದು ರಿವಾಲ್ವರು ಮನುಷ್ಯನ ವ್ಯಕ್ತಿತ್ವವನ್ನು ಎಷ್ಟು ಎತ್ತರಿಸುತ್ತದೆ ಎಂದು ಲೋವೆಲ್ ಬೆರಗಾದ. ಕಾಲುಚೀಲದ ಅಡಿಯಲ್ಲಿದ್ದರೂ!

"ಪರೀಕ್ಷೆ... ಹೇಗಾಯ್ತು?" ಹೊಬರ್ಟ್ ಬಹಳ ಮೃದುವಾಗಿ ಕೇಳಿದ.

"ಸಮಾಧಾನ ಇಲ್ಲ. ಒಂದು ಸೊಂಟದಲ್ಲೇ ನಿಂತುಬಿಡ್ತು. ಈಗಲೇ ಹೀಗೆ, ಇನ್ನು ಚಳಿ ಶುರುವಾದ್ರೆ ದಪ್ಪ ಕೋಟು ಹಾಕ್ಕೊಂಡು ಬರ್ತಾನಲ್ಲ, ಆಗ ಇನ್ನೂ ಕಷ್ಟ. ಅದಕ್ಕೇ ಬೇಗ ತೀರ್ಮಾನ ಮಾಡ್ಬೇಕು."

"ಗಾರ್ಲಂಡ್‌ಗೆ ಗೊತ್ತಾ?"

"ಅವನಿಗ್ಯಾಕೆ ಹೇಳ್ಲಿ?" ಲೋವೆಲ್ ಧ್ವನಿ ತಗ್ಗಿಸಿದ. ಪ್ಯಾಂಟಿನ ವಿಷಯ ವೀಡಾಳ ಕಿವಿಗೆ ಬೀಳುವುದು ಅವನಿಗೆ ಬೇಕಿರಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತೋ ಕಾಣೆ. ಅವನಿಗೆ ಹೇಳ್ಬೇಡಿ. ಮುಗಿದ ಮೇಲೆ ತಿಳ್ಕೊಳ್ಲಿ."

ಡಾಟಿಯ ಕೈಯಿಂದ ಕಾಫಿ ಹೂಜಿ ಜಾರಿತು.

ಗುರುವಾರ ಶೆರೀಫರ ಕಡೆಯ ಪೊಲೀಸ್, ಹಾಲ್ಕಂಬ್ ಎಂಬ ತರುಣ, ಅಂಗಡಿಗೆ ಬಂದ. ಗಾರ್ಲಂಡ್‌ನನ್ನು ಕೊಲ್ಲುತ್ತೀಯಾ ಎಂದು ನೇರವಾಗಿ ಕೇಳಬಹುದಾಗಿತ್ತು. ಆದರೆ ಅವನು ಆಗಷ್ಟೇ ತರಬೇತಿ ಮುಗಿಸಿ ಬಂದಿದ್ದ, ನೇರವಾಗಿ ಕೇಳಬಾರದೆಂದು ಅಲ್ಲಿ ಕಲಿಸಿದ್ದರು. ಹಾಸಿಗೆಯ ಅಂಚಿನಲ್ಲಿ ಕೂತ. ಅಂಚಿನಲ್ಲಿ ಕೂತವರನ್ನು ಲೋವೆಲ್ ಎಂದೂ ಬಿಟ್ಟವನಲ್ಲ, ಮಲಗಿಸಿದ. ತಾನೂ ಪಕ್ಕದ ಹಾಸಿಗೆಯಲ್ಲಿ ಮಲಗಿದ. ಇಬ್ಬರೂ ಸೂರು ನೋಡುತ್ತ ಮಾತಾಡಿದರು.

"ಮನೇಲೆಲ್ಲ ಹೇಗಿದಾರೆ? ಗಾರ್ಲಂಡ್?"

"ಅವನಿಗೇನಾಗುತ್ತೆ, ಗುಂಡುಕಲ್ಲು ಇದ್ದಂಗಿದಾನೆ."

ಗುಂಡು ಎಂದ ಕೂಡಲೇ ಹಾಲ್ಕಂಬ್‌ನ ಮೈ ಹಾಸಿಗೆಯ ಮೇಲೆ ಒಮ್ಮೆ ಪುಟಿಯಿತು. "ಮನಸ್ಸಲ್ಲಿರೋದನ್ನ ಹೇಳ್ಕೊಂಡ್ಬಿಡಿ ಲೋವೆಲ್. ಒಳಗೇ ಇಟ್ಕೊಂಡ್ರೆ ಒಂದಿನ ಸಿಡಿಯುತ್ತೆ."

ಹುಡುಗ ತನ್ನ ಹತ್ತಿರ ಗುಂಡಿನ ಸಲಹೆಗೆ ಬಂದಿದ್ದಾನೆ ಎಂದೇ ಲೋವೆಲ್ ತಿಳಿದಿದ್ದ. "ಸಿಡಿದ್ರೆ ಒಳ್ಳೇದೇ. ನಂದು ಅಡ್ಡ ಸಿಕ್ಕಿಹಾಕ್ಕೊಳ್ತಿದೆ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ಕೈ ತಡೀತಿಲ್ಲ ಕಣಯ್ಯ."

"ಏನಂದ್ರಿ?"

"ಎಷ್ಟು ಬಿಗಿ ಹಿಡಿದ್ರೂ ಕೈ ತಡೀತಿಲ್ಲ."

ಹಾಲ್ಕಂಬ್ ಎದ್ದು ಕೂತ. "ತಡೀಬೇಕು ಲೋವೆಲ್! ಮನುಷ್ಯ ಅಂದ್ಮೇಲೆ ಕೈ ತಡೀಬೇಕು!"

"ನಿನಗೆ ವಯಸ್ಸಿದೆ, ತಡೆಯುತ್ತೆ. ಅದಕ್ಕೇ ನಾನು ಮೆತ್ತಗಿನದರಲ್ಲೇ ಮುಗಿಸೋಣ ಅಂತಿದೀನಿ. ನೋವೂ ಕಮ್ಮಿ."

"ನೋವು... ಯಾರಿಗೆ?"

"ನನಗೆ! ಇನ್ಯಾರಿಗೆ? ಭಾನುವಾರ ವೀಡಾ ಹುಟ್ಟುಹಬ್ಬ. ಊಟಕ್ಕೆ ಎಲ್ಲ ಸೇರ್ತೀವಲ್ಲ, ಅಲ್ಲೇ ಬಹಿರಂಗವಾಗಿ ತೀರಿಸಿಬಿಡ್ತೀನಿ. ನೀನೂ ಬಾ."

ಹಾಲ್ಕಂಬ್ ಬರುತ್ತೇನೆಂದು ಬಹಳ ಕ್ಷೀಣವಾಗಿ ಹೇಳಿದ.

ಭಾನುವಾರ ಮಧ್ಯಾಹ್ನ ವೀಡಾ ನಾಲ್ಕು ಜನಕ್ಕೆಂದು ಕೋಳಿ ಕರಿದಿದ್ದಳು. ಬಂದವರು ಹೆಚ್ಚು. ಇಮೊಜೀನ್ ಬೀನ್ಸಿನ ದೊಡ್ಡ ಪಾತ್ರೆ ಹಿಡಿದು ಬಂದಳು. ಹೊಬರ್ಟ್ ಒಗೆದ ಶರ್ಟು ತೊಟ್ಟು ಬಂದ. ಡಾಟಿ ಹೋಟೆಲಿಗೆ ಬೀಗ ಹಾಕಿ ಬಂದಳು. ಹಾಲ್ಕಂಬ್ ಬಾಗಿಲಿಗೂ ಲೋವೆಲ್‌ಗೂ ನಡುವಿನ ಕುರ್ಚಿ ಆರಿಸಿ ಕೂತ. ತನ್ನ ಹುಟ್ಟುಹಬ್ಬದ ಮೇಲೆ ಊರಿಗೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತೆಂದು ವೀಡಾಳಿಗೆ ತಿಳಿಯಲಿಲ್ಲ.

ಕೊನೆಗೆ ಗಾರ್ಲಂಡ್ ಬಂದ. ಅವನ ಟ್ರಕ್ಕು ಸಾಮಾನು ತುಂಬಿಕೊಂಡು ಬೀದಿಯಲ್ಲಿ ನಿಂತಿತ್ತು. ಊಟ ಮುಗಿಸಿ, ಬದುಕಿದ್ದರೆ, ಅವತ್ತೇ ಒಹಾಯೋ ಕಡೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದ. ಊಟಕ್ಕೇ ಬರುತ್ತಿರಲಿಲ್ಲ. ಆದರೆ "ನನ್ನ ಹುಟ್ಟಿದ ದಿನ ಬರದೆ ಹೋದ್ರೆ ಇನ್ಮೇಲೆ ಬರ್ಲೇಬೇಡ," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಗುಂಡಿಗಿಂತ ಅವನಿಗೆ ಅಕ್ಕನ ಭಯ ಹೆಚ್ಚು. ದಪ್ಪ ಬಟ್ಟೆಗೆ ಗುಂಡು ನಿಲ್ಲುತ್ತದೆ ಎಂಬ ಮಾತು ಡಾಟಿಯ ಹೋಟೆಲಿನಿಂದ ಅವನಿಗೆ ತಲುಪಿತ್ತು. ಸೆಪ್ಟೆಂಬರಿನ ಬಿಸಿಲಿನಲ್ಲಿ ಜೀನ್ಸಿನ ಮೇಲೆ ಜೀನ್ಸು, ಅದರ ಮೇಲೆ ಗ್ಯಾರೇಜಿನ ಮೇಲಂಗಿ, ಅದರ ಮೇಲೆ ಹಿಮ ಬೀಳುವಾಗ ಹಾಕುವ ಕೋಟು ತೊಟ್ಟು, ಕೈಗಳನ್ನು ಪಕ್ಕಕ್ಕೆ ಇಳಿಸಲಾರದೆ ಬಾಗಿಲಲ್ಲಿ ಅಡ್ಡಡ್ಡವಾಗಿ ತೂರಿದ.

"ಜ್ವರಾನೇನೋ?" ವೀಡಾ ಓಡಿಬಂದಳು.

"ಇಲ್ಲ ಅಕ್ಕ. ಚಳಿ."

"ಬೆವರು ಧಾರೆಧಾರೆ ಇಳೀತಿದೆ!"

"ಒಳಗಡೆ ಚಳಿ."

ಲೋವೆಲ್ ಎದ್ದು ಬಂದು ಬಹಳ ಆಸಕ್ತಿಯಿಂದ ಅವನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದ. "ಎಷ್ಟು ಪದರ ಇದೆಯೋ? ನೋಡು, ಇಂಥದ್ದಕ್ಕೆ ಗುಳಿ ಮೂತಿದು ಯಾವ ಕೆಲಸಕ್ಕೂ ಬರಲ್ಲ."

ಗಾರ್ಲಂಡ್‌ನ ಮುಖಕ್ಕೆ ಸ್ವಲ್ಪ ಜೀವ ಬಂತು.

"ಚಪ್ಪಟೆದಾದ್ರೆ ಸಲೀಸಾಗಿ ಹೋಗುತ್ತೆ," ಎಂದ ಲೋವೆಲ್.

ಊಟದ ಉದ್ದಕ್ಕೂ ಎಲ್ಲರ ಕಣ್ಣೂ ಲೋವೆಲ್‌ನ ಕೈಗಳ ಮೇಲೆಯೇ ಇತ್ತು. ವೀಡಾ ತೆಂಗಿನಕಾಯಿಯ ಕೇಕು ತಂದಿಟ್ಟಳು. ಮೇಣದಬತ್ತಿ ಆರಿಸಿದ ಮೇಲೆ ಲೋವೆಲ್ ಗಂಟಲು ಸರಿಮಾಡಿಕೊಂಡು ಎದ್ದು ನಿಂತ. ಇಷ್ಟು ಜನ ತನ್ನ ತೀರ್ಮಾನ ಕೇಳಲೆಂದೇ ಬಂದಿದ್ದಾರೆಂದು ಅವನ ಎದೆ ತುಂಬಿ ಬಂದಿತ್ತು. ಅಜ್ಜಿಯ ಗುಂಡೇ ಇರಲಿ, ಸತ್ಯ ಸತ್ಯವೇ, ಧೈರ್ಯವಾಗಿ ಹೇಳಿಬಿಡಬೇಕು.

"ಒಂದು ವಾರದಿಂದ ಒಂದು ವಿಷಯ ನನ್ನನ್ನ ಕೊರೀತಾ ಇತ್ತು," ಎಂದ. "ಇವತ್ತು ಎಲ್ಲರ ಎದುರಿಗೆ ಅದನ್ನ ಮುಗಿಸ್ತೀನಿ." ಎಂದವನೇ ಜೇಬಿಗೆ ಕೈ ಹಾಕಿದ.

ಹಾಲ್ಕಂಬ್ ಮೇಜಿನ ಮೇಲಿಂದ ಹಾರಿದ. ಗಾರ್ಲಂಡ್ ಮೇಜಿನ ಕೆಳಗೆ ಹೋದ. ಅಷ್ಟು ಬಟ್ಟೆಯ ಗಾರ್ಲಂಡ್ ಹೋದ ರಭಸಕ್ಕೆ ಮೇಜುಬಟ್ಟೆಯೂ ಹೋಯಿತು, ಕೇಕು ಇಮೊಜೀನ್‌ಳ ಮಡಿಲಿಗೆ ಬಂತು. ಮೇಜಿನ ಕೆಳಗಿನಿಂದ ಅಳು ಕೇಳಿಸಿತು.

"ಹೊಡೀಬೇಡ ಭಾವ! ತಪ್ಪಾಯ್ತು! ನಿನ್ನ ದೋಣಿ ಮುಳುಗಿಸಿದ್ದು ನಾನೇ! ಕಳ್ಳತನ ಆಯ್ತು ಅಂದದ್ದು ಸುಳ್ಳು! ನಿನ್ನ ಮದುವೆ ದಿನ ಕಾರಿನ ಚಕ್ರದ ಗಾಳಿ ಬಿಟ್ಟಿದ್ದೂ ನಾನೇ! ಹಾಸಿಗೆಯವನನ್ನ ಕಟ್ಕೋಬೇಡ ಅಂತ ಅಕ್ಕನ ತಲೆ ಕೆಡಿಸಿದ್ದೂ ನಾನೇ!"

ಹಾಲ್ಕಂಬ್ ಲೋವೆಲ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಂಗೈಯಲ್ಲಿ ಒಂದೇ ಒಂದು ಪುಟ್ಟ ತೋಟಾ ಇತ್ತು, ಮೂತಿಯೇ ಇಲ್ಲದ ಹಾಗೆ ಚಪ್ಪಟೆ.

"ಇದೇ ನನ್ನ ತೀರ್ಮಾನ," ಎಂದ ಲೋವೆಲ್, ಹಾಲ್ಕಂಬ್‌ನ ತೋಳಿನ ಅಡಿಯಿಂದ. "ಮೋಟು ನಳಿಗೆಗೆ ಇದೇ ಸರಿ. ನಿಮಗೆಲ್ಲ ಏನಾಗಿದೆ?"

ಏನಾಗಿದೆಯೆಂದು ಬಿಡಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು, ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ವೀಡಾ ಮೊದಲಿಂದ ಕೊನೆಯವರೆಗೆ ಕೇಳಿದಳು. ಮೊದಲು ಗಂಡನ ಕಡೆ ತಿರುಗಿದಳು. "ಕೆಂಪು ತೇಪೆದಾ? ಅದಕ್ಕೆ ಎರಡು ಸಂಜೆ ಕೂತು ತೇಪೆ ಹಾಕಿದ್ದೆ!" ಎಂದಳು. ಆಮೇಲೆ ನೆರೆಹೊರೆಯ ಕಡೆ ತಿರುಗಿದಳು.

"ನನ್ನ ತಮ್ಮನ್ನ ನನ್ನ ಗಂಡ ಕೊಲ್ತಾನೆ ಅಂತ ನಂಬಿಕೊಂಡು, ನನಗೊಂದು ಮಾತು ಹೇಳ್ದೆ, ನನ್ನ ಮನೆಗೇ ಬೀನ್ಸ್ ತಗೊಂಡು ಊಟಕ್ಕೆ ಬಂದ್ರಾ?"

"ಬರಿಗೈಲಿ ಬರೋದು ಹೇಗಮ್ಮಾ?" ಎಂದಳು ಇಮೊಜೀನ್, ಮಡಿಲಿನ ಕೇಕನ್ನು ಬೆರಳಿನಿಂದ ಒರೆಸುತ್ತ.

ವೀಡಾ ಬಾಗಿಲು ತೋರಿಸಿದಳು. ಊರು ಒಬ್ಬೊಬ್ಬರಾಗಿ ಹೊರಗೆ ನಡೆಯಿತು.

ಲೋವೆಲ್ ಕುರ್ಚಿಯಲ್ಲಿ ಕುಸಿದು ಕೂತ. ಇಡೀ ವಾರದ ಗೌರವ ಕಣ್ಣೆದುರೇ ಬಾಗಿಲಿಂದಾಚೆ ಹೋಗುತ್ತಿತ್ತು. ಅದು ಗೌರವವಾಗಿರಲಿಲ್ಲ, ಬರೀ ಭಯ. ಆದರೆ ಹಾಸಿಗೆ ಮಾರುವವನಿಗೆ ಅದೂ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿದ.

"ನೀನೂ ನಂಬಿದ್ಯೇನೋ?"

"ನಂಬಿದೆ ಭಾವ." ಗಾರ್ಲಂಡ್ ಮೂಗು ಒರೆಸಿಕೊಂಡ. "ನಿನ್ನ ಬಗ್ಗೆ ಅಂಥದ್ದೊಂದು ನಂಬಿದ್ದು ಇದೇ ಮೊದಲು."

ಲೋವೆಲ್ ಅದನ್ನು ಸ್ವಲ್ಪ ಹೊತ್ತು ಚಪ್ಪರಿಸಿದ. ಆಮೇಲೆ ಇನ್ನೊಂದು ನೆನಪಾಯಿತು. "ದೋಣಿ ಮುಳುಗಿತಾ?"

ಗಾರ್ಲಂಡ್ ತೆವಳಿಕೊಂಡು ಹೊರಬಂದ. ಭಯ ಇಳಿದ ಜಾಗದಲ್ಲಿ ನಾಚಿಕೆ, ನಾಚಿಕೆಯ ಹಿಂದೆಯೇ ಸಿಟ್ಟು ಏರಿತು. ಒಂದೊಂದೇ ಪದರ ಕಳಚಿ ಎಸೆದ. "ಎಲ್ಲಿ ಕೊಡು ಆ ಆಟಿಕೆ. ನೋಡೇಬಿಡ್ತೀನಿ. ಎಲ್ಲಕ್ಕಿಂತ ಜಾಸ್ತಿ ಮದ್ದಿಂದು ಯಾವುದು? ಅದನ್ನೇ ಹಾಕು."

"ಬೇಡ ಕಣೋ. ಒದೆಯುತ್ತೆ."

"ಹಾಸಿಗೆ ಮಾರೋನು ತಡ್ಕೊಂಡಿದ್ದನ್ನ ನಾನು ತಡ್ಕೊಳ್ಳಲ್ವಾ?"

ಹಿತ್ತಿಲಲ್ಲಿ ಒಂದು ಕ್ಯಾನು ಇಟ್ಟರು. ಗಾರ್ಲಂಡ್ ಮೊಣಕೈ ಮಡಿಸಿ, ರಿವಾಲ್ವರನ್ನು ದರ್ಜಿ ಸೂಜಿಗೆ ದಾರ ಪೋಣಿಸುವಂತೆ ಕಣ್ಣಿನ ಹತ್ತಿರಕ್ಕೆ ತಂದು ಗುರಿ ಹಿಡಿದ. "ಕೈ ಚಾಚೋ," ಎಂದು ಲೋವೆಲ್ ಹೇಳುವಷ್ಟರಲ್ಲಿ ಢಂ ಎಂದಿತು. ಕ್ಯಾನಿಗೆ ಏನೂ ಆಗಲಿಲ್ಲ. ರಿವಾಲ್ವರ್ ಹಿಮ್ಮುಖವಾಗಿ ಎಗರಿ ಗಾರ್ಲಂಡ್‌ನ ಹಣೆಯ ನಟ್ಟನಡುವೆ ಬಡಿಯಿತು. ಅವನು ಹಲಗೆಯ ಹಾಗೆ ನೇರವಾಗಿ ಹಿಂದಕ್ಕೆ ಬಿದ್ದ.

ಬೀದಿಯಲ್ಲಿ ಕಾರು ಹತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು. ಹೊಗೆ ಕಂಡಿತು. ಹಣೆ ಹಿಡಿದುಕೊಂಡು ಬಿದ್ದ ಗಾರ್ಲಂಡ್ ಕಂಡ. ಹಾಲ್ಕಂಬ್ ಓಡಿಬರುವಷ್ಟರಲ್ಲಿ ಗಾರ್ಲಂಡ್ ಎದ್ದು ಕೂತು ತನ್ನ ಹೆಸರೇನೆಂದು ಸರಿಯಾಗಿ ಹೇಳಿದ. ವೀಡಾ ಹೆಪ್ಪುಗಟ್ಟಿದ ಬಟಾಣಿಯ ಚೀಲ ತಂದು ಅವನ ಹಣೆಗೆ ಒತ್ತಿ, ಇಬ್ಬರು ಗಂಡಸರನ್ನೂ ಒಂದೇ ಉಸಿರಿನಲ್ಲಿ ಬೈದಳು. ಒಹಾಯೋ ಪ್ರಯಾಣ ಬಟಾಣಿ ಕರಗುವ ತನಕ ಮುಂದಕ್ಕೆ ಹೋಯಿತು. ಕರಗಿದ ಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಸಂಜೆ ಲೋವೆಲ್ ತಾನೇ ಹೋಗಿ ಟ್ರಕ್ಕಿನಿಂದ ಸಾಮಾನು ಇಳಿಸಿದ.

ಎರಡು ದಿನದ ಮೇಲೆ ಅಂಗಡಿಯ ಫೋನು ರಿಂಗಾಯಿತು. ರೂಫಸ್.

"ಏನು ಮಾಡಿಟ್ಟಿದೀಯೋ ಮಾರಾಯ? ಜಾಸ್ತಿ ಮದ್ದಿನ ಡಬ್ಬೀನ ಈ ಊರಲ್ಲಿ ಯಾರೂ ಮುಟ್ತಾ ಇಲ್ಲ! ಗಾರ್ಲಂಡ್‌ನ ಹಣೆಗೆ ಎದುರಾ ಎದುರು ಬಡಿದೂ ಒಳಗೆ ಹೋಗ್ಲಿಲ್ವಂತೆ, ಬುಗುಟು ಎಬ್ಬಿಸಿ ಕೆಳಗೆ ಬಿತ್ತಂತೆ. ಕಂಡೋರು ಒಬ್ಬರಾ ಇಬ್ಬರಾ? ನಿಜ ಹೇಳು, ಆ ಗುಂಡು ಅಷ್ಟೊಂದು ಕಳಪೇನಾ?"

ಲೋವೆಲ್ ಅಂಗಡಿಯ ಒಳಗೆ ನೋಡಿದ. ಅತ್ಯಂತ ಬೆಲೆಬಾಳುವ ಹಾಸಿಗೆಯ ಮೇಲೆ ಗಾರ್ಲಂಡ್ ಬೂಟು ಸಮೇತ ಮಲಗಿ ಗೊರಕೆ ಹೊಡೆಯುತ್ತಿದ್ದ. ಹಣೆಯ ಮೇಲಿನ ಬುಗುಟು ಕಿಟಕಿಯ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ನಡೆದದ್ದನ್ನು ನಡೆದಂತೆ ಹೇಳಿಬಿಡಲು ಬಾಯಿ ತೆರೆದ. ಮತ್ತೆ ಮುಚ್ಚಿದ.

"ಗುಂಡಿನದೇನೂ ತಪ್ಪಿಲ್ಲ ರೂಫಸ್," ಎಂದ. "ಆ ಹಣೆ ನಮ್ಮತ್ತೆ ಮನೆ ಕಡೇದು."